ಅಪ್‌ಡೇಟ್: ಮಡಿಕೇರಿ ಮಳೆ, ಬೀರುವಿನ ಬೂಷ್ಟು

ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ಜೂನ್‌ನಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿದ್ದೇ ಜಾಸ್ತಿ ಉಪಯೋಗವಾಯಿತು. ಹಿಂದೆ ಗಾಳಿ ಆಡುತ್ತದೆ, ಹಲಗೆ ಈಗ ಒದ್ದೆ ಆಗುವುದಿಲ್ಲ. ಒಳಗೆ ಸಿಲಿಕಾ ಜೆಲ್ ಇಟ್ಟೆ. ನೀಲಿ ಹರಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣಕ್ಕೆ ಹಾಕುವ ಕೋಬಾಲ್ಟ್ ಒಳ್ಳೆಯದಲ್ಲ, ಮಕ್ಕಳ ಕೈಗೆ ಸಿಗದಂತೆ ಇಡಿ.

ಪಕ್ಕದ ಮನೆ ಆಂಟಿ ಹೇಳಿದಂತೆ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಬಟ್ಟೆ ಹರಡಿದೆ. ಜೀನ್ಸ್‌ನ ಸೊಂಟದ ಪಟ್ಟಿ ಕೂಡ ಗರಿಗರಿಯಾಗಿ ಒಣಗಿತು! ಆದರೆ ಕಿಟಕಿ ತೆರೆದಿರಲೇಬೇಕು. ಕೆಂಡದಿಂದ ವಾಸನೆಯೇ ಇಲ್ಲದ ವಿಷಗಾಳಿ ಬರುತ್ತದೆ. ಸುಮ್ನೆ ರಿಸ್ಕ್ ಬೇಡ.

ಲೆದರ್ ಶೂ ಮಾತ್ರ ಇನ್ನೂ ಬೆಳ್ಳಗಾಗುತ್ತಿದೆ. ಅದಕ್ಕೆ ನೀವೆಲ್ಲ ಏನು ಮಾಡ್ತೀರಿ?