ರೆಕ್ಕೆ ಹೊರುವ ಚರ್ಮದ ಹಾರ್ನೆಸ್ ಹಿಂದಕ್ಕೆ ವಾಲುತ್ತಿದೆ, ಏನು ಮಾಡಲಿ?

ಪ್ರಶ್ನೆ:
ವೇಷಕ್ಕಾಗಿ ಅಲ್ಯೂಮಿನಿಯಂ ಕೊಳವೆಗಳಿಂದ ಒಂದು ಜೊತೆ ರೆಕ್ಕೆ ಮಾಡಿದ್ದೇನೆ. ಎರಡೂ ಸೇರಿ 4 ಕಿಲೋ ತೂಗುತ್ತವೆ. ಭಾರದ ಕೇಂದ್ರ ಬೆನ್ನಿನಿಂದ ಸುಮಾರು 30 ಸೆಂ.ಮೀ. ಹಿಂದಿದೆ. 20 ಸೆಂ.ಮೀ. ಎತ್ತರದ ಲೋಹದ ಫಲಕಕ್ಕೆ 2 ಮಿ.ಮೀ. ದಪ್ಪದ ಮೆತ್ತನೆಯ ಚರ್ಮದ ಪಟ್ಟಿಗಳನ್ನು ರಿವೆಟ್ ಹೊಡೆದು ಕೂರಿಸಿದ್ದೆ. ತೊಟ್ಟು ಹತ್ತು ನಿಮಿಷವಾಗುವಷ್ಟರಲ್ಲಿ ಪಟ್ಟಿಗಳು ಜಗ್ಗಿ, ಫಲಕದ ಮೇಲಂಚು ಬೆನ್ನಿನಿಂದ ಎರಡು ಬೆರಳಷ್ಟು ದೂರ ಸರಿಯಿತು. ಎಡಭುಜದ ರಿವೆಟ್ ತನ್ನ ತೂತನ್ನು ಹಿಗ್ಗಿಸಿಕೊಂಡು ಅರ್ಧ ಹೊರಬಂದಿತ್ತು. ದಪ್ಪ ಚರ್ಮ ಹಾಕಿದರೆ ಸಾಕೇ, ಅಥವಾ ವಿನ್ಯಾಸವನ್ನೇ ಬದಲಿಸಬೇಕೇ?

ಉತ್ತರ 1:
ವಿನ್ಯಾಸವನ್ನೇ ಬದಲಿಸಬೇಕು. 4 ಕಿಲೋ ಭಾರ 30 ಸೆಂ.ಮೀ. ಹಿಂದೆ ನೇತಾಡುವಾಗ, 20 ಸೆಂ.ಮೀ. ಫಲಕದ ಮೇಲ್ತುದಿ ನಿಮ್ಮ ಭುಜಗಳನ್ನು ಸುಮಾರು 6 ಕಿಲೋ ಬಲದಿಂದ ಹಿಂದಕ್ಕೆ ಎಳೆಯುತ್ತದೆ, ಕೆಳತುದಿ ಅಷ್ಟೇ ಬಲದಿಂದ ಬೆನ್ನಿಗೆ ಒತ್ತುತ್ತದೆ. ಫಲಕವನ್ನು ಸೊಂಟದವರೆಗೆ ಇಳಿಸಿ 40 ಸೆಂ.ಮೀ. ಮಾಡಿದರೆ ಆ ಬಲ 3 ಕಿಲೋಗೆ ಇಳಿಯುತ್ತದೆ. ಆಮೇಲೆ ಫಲಕದ ಬುಡವನ್ನು ಅಗಲವಾದ ಸೊಂಟಪಟ್ಟಿಗೆ ಬಿಗಿಯಿರಿ. ಚಾರಣದ ಬೆನ್ನುಚೀಲಗಳಲ್ಲಿ ಇರುವಂತೆಯೇ ತೂಕ ಸೊಂಟದ ಮೂಳೆಗಳ ಮೇಲೆ ಕೂರಬೇಕು, ಭುಜದ ಪಟ್ಟಿಗಳು ಫಲಕವನ್ನು ಬೆನ್ನಿಗೆ ಅಂಟಿಸಿ ಹಿಡಿಯುವ ಕೆಲಸವನ್ನಷ್ಟೇ ಮಾಡಬೇಕು. ಎದೆಯ ಮೇಲೊಂದು ಅಡ್ಡಪಟ್ಟಿ ಇದ್ದರೆ ಅವು ಭುಜದಿಂದ ಜಾರುವುದಿಲ್ಲ.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಚರ್ಮವನ್ನೂ ಬದಲಿಸಲೇಬೇಕು. ನೀವು ಬಳಸಿದ್ದು ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣಗಳಲ್ಲಿ ಹದಗೊಳಿಸಿದ, ಚರ್ಮವೆಂದು ತೋರುತ್ತದೆ. ಅದು ಉಡುಪಿಗೆ ಚೆನ್ನ, ಭಾರ ಹೊರುವುದಕ್ಕಲ್ಲ. ಮರದ ತೊಗಟೆಯ ಒಗರು ಸಾರವಾದ ಟ್ಯಾನಿನ್‌ನಲ್ಲಿ ಹದಗೊಳಿಸಿದ, 3ರಿಂದ 4 ಮಿ.ಮೀ. ದಪ್ಪದ ಚರ್ಮ ತೆಗೆದುಕೊಳ್ಳಿ. ಪಟ್ಟಿಗಳನ್ನು ಬೆನ್ನಿನ ಭಾಗದಿಂದ, ಬೆನ್ನೆಲುಬಿನ ಗೆರೆಗೆ ಸಮಾಂತರವಾಗಿ ಕತ್ತರಿಸಿ. ಹೊಟ್ಟೆಯ ಭಾಗದ ಚರ್ಮ ಎಷ್ಟೇ ದಪ್ಪವಿದ್ದರೂ ಹಿಗ್ಗುತ್ತದೆ. ಒಂದು ಪಟ್ಟಿಗೆ ಒಂದೇ ರಿವೆಟ್ ಸಾಲದು. ತುದಿಯನ್ನು ಡಿ ಆಕಾರದ ಬಳೆಯ ಸುತ್ತ ಮಡಚಿ, ಎರಡು ರಿವೆಟ್ ಹೊಡೆದು, ಮೇಣ ಹಚ್ಚಿದ ದಾರದಿಂದ ಎರಡು ಸೂಜಿಗಳನ್ನು ಎರಡೂ ಕಡೆಯಿಂದ ಒಂದೇ ತೂತಿನಲ್ಲಿ ದಾಟಿಸುವ ಜೀನು ಹೊಲಿಗೆ ಹಾಕಿ. ಈ ಹೊಲಿಗೆಯಲ್ಲಿ ಒಂದು ಕಡೆ ದಾರ ಕಡಿದರೂ ಉಳಿದ ಹೊಲಿಗೆ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಪ್ರತಿ ರಿವೆಟ್‌ನ ಅಡಿಗೆ ವಾಷರ್ ಇರಲಿ, ಚರ್ಮದ ತೂತು ರಿವೆಟ್ಟಿನ ಕಾಂಡಕ್ಕೆ ಬಿಗಿಯಾಗಿ ಹೊಂದಲಿ.

ಪ್ರಶ್ನೆ ಕೇಳಿದವರು:
ಫಲಕವನ್ನು ಉದ್ದ ಮಾಡುತ್ತೇನೆ. ನನ್ನ ಬಳಿ ಕಬ್ಬಿಣದ ರಿವೆಟ್‌ಗಳಿವೆ, ಅವು ಆಗಬಹುದೇ?

ಉತ್ತರ 2:
ಬೇಡ. ಬೆವರು ತಾಗಿದರೆ ಕಬ್ಬಿಣವು ಚರ್ಮದಲ್ಲಿರುವ ಟ್ಯಾನಿನ್ ಜೊತೆ ಸೇರಿ ಕಪ್ಪು ಕಲೆ ಮಾಡುತ್ತದೆ, ಆ ಕಲೆ ಹೋಗುವುದು ಬಹಳ ಕಷ್ಟ. ತಾಮ್ರದ ರಿವೆಟ್ ಬಳಸಿ. ಆದರೆ ಅಲ್ಯೂಮಿನಿಯಂಗೆ ಅದು ನೇರವಾಗಿ ತಾಗಿದರೆ ಬೆವರಿನ ಉಪ್ಪಿನಲ್ಲಿ ಅಲ್ಯೂಮಿನಿಯಂ ಸವೆಯುವುದರಿಂದ ನಡುವೆ ನೈಲಾನ್ ವಾಷರ್ ಇಡಿ.

ಉತ್ತರ 1:
ಇನ್ನೊಂದು ವಿಷಯವನ್ನು ದಯವಿಟ್ಟು ಮರೆಯಬೇಡಿ: ಎದೆಯ ಮತ್ತು ಸೊಂಟದ ಬಕಲ್‌ಗಳು ಒಂದೇ ಕೈಯಿಂದ ಬಿಚ್ಚುವಂತಿರಲಿ. ರೆಕ್ಕೆ ಬಾಗಿಲಿಗೆ ಸಿಕ್ಕಿಕೊಂಡಾಗ ಮುಳ್ಳುಬಕಲ್ ಬಿಚ್ಚುತ್ತ ನಿಲ್ಲಲು ಆಗುವುದಿಲ್ಲ. ಅಲಂಕಾರದ ಹಿತ್ತಾಳೆ ಬಕಲ್‌ಗಳು ಮುಂದೆ ಕಾಣಲಿ, ಒತ್ತಿದರೆ ಬಿಚ್ಚುವ ಬಕಲ್ ಅವುಗಳ ಹಿಂದೆ ಅಡಗಿರಲಿ. ಕಣ್ಣು ಮುಚ್ಚಿಕೊಂಡು ಬಿಚ್ಚಲು ಬರುವವರೆಗೆ ಮನೆಯಲ್ಲೇ ಅಭ್ಯಾಸ ಮಾಡಿ.