ಅಮೆರಿಕದಲ್ಲಿ ಎರಡನೇ ಬ್ಯಾಚುಲರ್ ಡಿಗ್ರಿಗೆ ಮತ್ತೆ 120 ಕ್ರೆಡಿಟ್ ಬೇಕಾ?

ಪ್ರಶ್ನೆ:
ನನಗೆ ಇಲ್ಲಿನದೇ ಬಿಎ ಇದೆ, ಇಂಗ್ಲಿಷ್ ಸಾಹಿತ್ಯದಲ್ಲಿ. ಈಗ ಕಂಪ್ಯೂಟರ್ ಸೈನ್ಸ್ ಓದುವ ಆಸೆ. ಒಂದು ಡಿಗ್ರಿಗೆ ಸಾಮಾನ್ಯವಾಗಿ ಬೇಕಾಗುವ 120 ಕ್ರೆಡಿಟ್ (ಪ್ರತಿ ಕೋರ್ಸ್ ಮುಗಿಸಿದಾಗ ಸಿಗುವ ಎಣಿಕೆ) ಮತ್ತೆ ಮೊದಲಿಂದ ಶುರು ಮಾಡಬೇಕಾ? ಹಳೇ ಕ್ರೆಡಿಟ್‌ಗಳು ಸುಮ್ನೆ ಹೋಗುತ್ತವಾ?

ಉತ್ತರ 1:
ಹೋಗಲ್ಲ, ಧೈರ್ಯವಾಗಿರಿ. ಸಾಮಾನ್ಯವಾಗಿ ಹೊಸದಾಗಿ ಕನಿಷ್ಠ 30 ಕ್ರೆಡಿಟ್ ಅದೇ ಕಾಲೇಜಿನಲ್ಲಿ ಮಾಡಬೇಕು. ಕ್ವಾರ್ಟರ್ ಪದ್ಧತಿ (ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳಲ್ಲಿ ಪಾಠ) ಇರುವ ಕಡೆ 45. ಜನರಲ್ ಎಜುಕೇಶನ್ ಕೋರ್ಸ್‌ಗಳನ್ನು (ಯಾವ ವಿಷಯ ಓದಿದರೂ ಎಲ್ಲರೂ ಮಾಡಬೇಕಾದ ಸಾಮಾನ್ಯ ಕೋರ್ಸ್‌ಗಳು) ಮತ್ತೆ ಮಾಡಿ ಅಂತ ಬಹಳಷ್ಟು ಕಾಲೇಜುಗಳು ಕೇಳಲ್ಲ.

ಆದರೆ 30 ಅನ್ನುವುದನ್ನೇ ನಂಬಿ ಲೆಕ್ಕ ಹಾಕಬೇಡಿ. ನಾನೂ ಸಾಹಿತ್ಯದಿಂದಲೇ ಈ ಕಡೆ ಬಂದವಳು. ಕಂಪ್ಯೂಟರ್ ಸೈನ್ಸ್‌ಗೆ ಬೇಕಾದ ಕ್ಯಾಲ್ಕುಲಸ್ ನನ್ನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಓದಿದ ಕೋರ್ಸ್‌ಗಳ ಅಧಿಕೃತ ಪಟ್ಟಿ) ಇರಲಿಲ್ಲ. ಪ್ರೋಗ್ರಾಮಿಂಗ್ ಮುಗಿಸದೆ ಡೇಟಾ ಸ್ಟ್ರಕ್ಚರ್ಸ್ ಇಲ್ಲ, ಅದು ಮುಗಿಸದೆ ಆಲ್ಗರಿದಮ್ಸ್ ಇಲ್ಲ. ಒಂದೇ ಸೆಮಿಸ್ಟರ್‌ನಲ್ಲಿ ಒಟ್ಟಿಗೆ ತಗೊಳ್ಳೋಕೆ ಬಿಡಲ್ಲ. ಹಾಗಾಗಿ ಮೇಜರ್‌ನ (ಮುಖ್ಯ ವಿಷಯದ) ಕೋರ್ಸ್ ಪಟ್ಟಿ ಹಿಡಿದು, ಯಾವುದರ ಹಿಂದೆ ಯಾವುದು ಅಂತ ಗೆರೆ ಎಳೆದು ನೋಡಿ. ಎಷ್ಟು ಸೆಮಿಸ್ಟರ್ ಬೇಕು ಅಂತ ಹೇಳೋದು ಆ ಗೆರೆಯೇ.

ಉತ್ತರ 2:
ದುಡ್ಡಿನ ಮಾತೂ ಇದೆ. ಒಂದು ಬ್ಯಾಚುಲರ್ ಡಿಗ್ರಿ ಇದ್ದರೆ ಎರಡನೆಯದಕ್ಕೆ ಪೆಲ್ ಗ್ರಾಂಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ, ವಾಪಸ್ ಕಟ್ಟಬೇಕಿಲ್ಲದ ನೆರವು) ಸಿಗಲ್ಲ. ಫೆಡರಲ್ (ಕೇಂದ್ರ ಸರ್ಕಾರದ) ಸಾಲ ಸಿಗಬಹುದು, ಆದರೆ ಒಟ್ಟು ಮಿತಿಯಲ್ಲಿ ಹಳೇ ಸಾಲವೂ ಸೇರುತ್ತದೆ. ಇನ್ನೊಂದು, ಎರಡನೇ ಬ್ಯಾಚುಲರ್‌ಗೆ ಕೆಲವು ಕಾಲೇಜುಗಳು ಸೇರಿಸಿಕೊಳ್ಳೋದೇ ಇಲ್ಲ. ಅದನ್ನು ಅರ್ಜಿ ಫೀಸ್ ಕಟ್ಟುವ ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಕ್ಯಾಲ್ಕುಲಸ್ ಅನ್ನು ಕಮ್ಯುನಿಟಿ ಕಾಲೇಜಿನಲ್ಲಿ (ಮುಖ್ಯವಾಗಿ ಎರಡು ವರ್ಷದ ಕೋರ್ಸ್ ಇರುವ ಸ್ಥಳೀಯ ಕಾಲೇಜು) ಮುಗಿಸಬಹುದಾ?

ಉತ್ತರ 1:
ಮುಗಿಸಬಹುದು, ಫೀಸೂ ಕಡಿಮೆ. ಆದರೆ ಆ 30ರಲ್ಲಿ ಅದು ಸೇರಲ್ಲ. ಟ್ರಾನ್ಸ್‌ಫರ್ ಆಗುತ್ತೆ ಅಂತ ನೀವು ಡಿಗ್ರಿ ಮಾಡುವ ಕಾಲೇಜಿನ ಸಲಹೆಗಾರರಿಂದ ಇಮೇಲ್‌ನಲ್ಲಿ ಬರೆಸಿಕೊಂಡೇ ಸೇರಿ.