‘ಲೆಕ್ಕ ನನ್ನ ತಲೆಗೆ ಹತ್ತಲ್ಲ’: ಆಪ್ತಸಮಾಲೋಚಕಿಗೆ ಕೇಳಿ

ಪ್ರಶ್ನೆ (ಸದಸ್ಯೆ, ಹಾಸನ ಜಿಲ್ಲೆ):
ನಮಸ್ಕಾರ ಮೇಡಂ. ನನಗೆ 44 ವರ್ಷ. ಬಸ್‌ಸ್ಟ್ಯಾಂಡ್ ಹತ್ತಿರ ಹೂವಿನ ವ್ಯಾಪಾರ ಮಾಡುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 19 ಬಂತು. ಅಲ್ಲಿಗೆ ಓದು ನಿಂತಿತು. ‘ನಿನ್ನ ತಲೆಗೆ ಲೆಕ್ಕ ಹತ್ತಲ್ಲ ಬಿಡು’ ಅಂತ ಮೇಷ್ಟ್ರು ಇಡೀ ಕ್ಲಾಸಿನ ಮುಂದೆ ಅಂದಿದ್ದರು. ಅದು ಇನ್ನೂ ಕಿವಿಯಲ್ಲೇ ಇದೆ. ಈಗ ನಮ್ಮ ಮಹಿಳಾ ಸಂಘದ ಪುಸ್ತಕ ಬರೆಯುವ ಸರದಿ ನನ್ನದು. 16 ಜನ ಇದ್ದೇವೆ. ಉಳಿತಾಯ, ಸಾಲ, ಬಡ್ಡಿ ಎಲ್ಲಾ ಬರೆಯಬೇಕು. ಹೋದ ಸಲ ಕಣ್ಣು ಸರಿಯಿಲ್ಲ ಅಂತ ಸುಳ್ಳು ಹೇಳಿ ತಪ್ಪಿಸಿಕೊಂಡೆ. ಪುಸ್ತಕ ತೆರೆದರೆ ಸಾಕು, ಅಂಗೈ ಬೆವರುತ್ತದೆ. ನನ್ನ ಕೈಲಾಗಲ್ಲ ಅನ್ನುವ ಈ ನಂಬಿಕೆಯನ್ನು ಬಿಡೋದು ಹೇಗೆ?

ಉತ್ತರ (ಆಪ್ತಸಮಾಲೋಚಕಿ):
ನಮಸ್ಕಾರ. ಮೊದಲು ನನ್ನದೊಂದು ಪ್ರಶ್ನೆ. ಮೊಳ 30 ರೂಪಾಯಿಯ ಹೂವು ನಾಲ್ಕೂವರೆ ಮೊಳ ಕೊಟ್ಟಿರಿ. ಗಿರಾಕಿ 500ರ ನೋಟು ಕೊಟ್ಟರು. ಚಿಲ್ಲರೆ ಎಷ್ಟು? ಇದನ್ನು ಓದಿ ಮುಗಿಸುವುದರೊಳಗೆ ನಿಮಗೆ 365 ಅಂತ ಹೊಳೆದಿರುತ್ತದೆ. ಇದಕ್ಕೆ ನೀವು ‘ವ್ಯಾಪಾರ’ ಅನ್ನುತ್ತೀರಿ. ಪುಸ್ತಕದಲ್ಲಿ ಬರೆದರೆ ಮಾತ್ರ ‘ಲೆಕ್ಕ’ ಅನ್ನುತ್ತೀರಿ.

ಇದು ನಿಮ್ಮೊಬ್ಬರ ಕಥೆ ಅಲ್ಲ. ಬ್ರೆಜಿಲ್‌ನ ರೆಸೀಫೆ ಊರಿನಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐದು ಮಕ್ಕಳನ್ನು ಸಂಶೋಧಕರು ಗಮನಿಸಿ, 1985ರಲ್ಲಿ ವರದಿ ಪ್ರಕಟಿಸಿದರು. ಗಿರಾಕಿಗಳ ಹಾಗೆ ಹೋಗಿ ಹತ್ತು ತೆಂಗಿನಕಾಯಿಗೆ ಎಷ್ಟು ಅಂತ ಕೇಳಿದಾಗ ಮಕ್ಕಳು ಕೊಟ್ಟ ಉತ್ತರಗಳಲ್ಲಿ ನೂರಕ್ಕೆ 98 ಸರಿ. ಅಂಥದ್ದೇ ಲೆಕ್ಕವನ್ನು ಬರೀ ಅಂಕಿಗಳಾಗಿ ಕೊಟ್ಟಾಗ ಸರಿ ಬಂದದ್ದು ನೂರಕ್ಕೆ 37 ಮಾತ್ರ. ನಮ್ಮ ಕೋಲ್ಕತ್ತ, ದೆಹಲಿ ಮಾರ್ಕೆಟ್‌ಗಳಲ್ಲಿ ದುಡಿಯುವ ಮಕ್ಕಳಲ್ಲೂ ಹೀಗೇ ಇದೆ ಅಂತ 2025ರಲ್ಲಿ ಬಂದ ಅಧ್ಯಯನ ತೋರಿಸಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಆ ಅಧ್ಯಯನದ ತಂಡದಲ್ಲಿದ್ದರು. ಕಾಗದದ ಲೆಕ್ಕ ಬೇರೆಯದೇ ಅಭ್ಯಾಸ, ಅದನ್ನು ಹೊಸದಾಗಿ ಕಲಿಯಬೇಕು. ಆದರೆ ಕಲಿತಿಲ್ಲ ಅನ್ನುವುದೇ ಬೇರೆ, ತಲೆಗೆ ಹತ್ತಲ್ಲ ಅನ್ನುವುದೇ ಬೇರೆ.

ಇನ್ನು ಅಂಗೈ ಬೆವರುವ ವಿಷಯ. ಲೆಕ್ಕ ಮಾಡುವಾಗ ಅಂಕಿಗಳನ್ನು ಒಂದು ಗಳಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಆ ಜಾಗ ತೀರಾ ಚಿಕ್ಕದು. ‘ತಪ್ಪಾದರೆ ಏನಂತಾರೋ’ ಅನ್ನುವ ಭಯ ಬಂದು ಅದರಲ್ಲೇ ಕೂತುಬಿಟ್ಟರೆ ಅಂಕಿಗೆ ಜಾಗ ಎಲ್ಲಿ? ತಪ್ಪು ಆಗೇ ಆಗುತ್ತದೆ. ಆಗ ನೀವು ‘ನೋಡಿದ್ಯಾ, ಮೇಷ್ಟ್ರು ಹೇಳಿದ್ದು ನಿಜ’ ಅಂದುಕೊಳ್ಳುತ್ತೀರಿ.

ಇವೆಲ್ಲಕ್ಕಿಂತ ನನ್ನ ಕಣ್ಣಿಗೆ ಬಿದ್ದದ್ದು ಆ ಕಣ್ಣಿನ ಸುಳ್ಳು. ಬೈಯುತ್ತಿಲ್ಲ. ತಪ್ಪಿಸಿಕೊಂಡ ದಿನ ಎಷ್ಟು ಹಾಯೆನಿಸಿತು, ಅಲ್ವಾ? ಆ ಹಾಯೇ ನಿಮ್ಮ ನಂಬಿಕೆಯನ್ನು ಸಾಕುತ್ತಿದೆ. ಪರೀಕ್ಷೆಗೇ ಕೂರದ ನಂಬಿಕೆ ಫೇಲಾಗುವುದು ಯಾವಾಗ? ಮೇಷ್ಟ್ರು ಹೇಳಿದ್ದು ಒಂದೇ ಸಲ. ಆಮೇಲೆ ಇಷ್ಟು ವರ್ಷ ಅದನ್ನು ಕಾಪಾಡಿಕೊಂಡು ಬಂದವರು ನೀವು.

ಅದಕ್ಕೇ ನನಗೆ ‘ಬಿಡುವುದು’ ಅನ್ನುವ ಮಾತು ಅಷ್ಟು ಹಿಡಿಸುವುದಿಲ್ಲ. ಕೈಯಲ್ಲಿರುವ ಕಲ್ಲಾಗಿದ್ದರೆ ಬಿಡಬಹುದಿತ್ತು. ಇದನ್ನು ಪರೀಕ್ಷೆಗೆ ಕೂರಿಸಬೇಕು. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಶುರುಮಾಡಿದ ಚಿಕಿತ್ಸಾಕ್ರಮದ ತಿರುಳು ಇದೇ. ಮನಸ್ಸಿಗೆ ಬಂದ ಯೋಚನೆಯನ್ನು ಸತ್ಯ ಅಂತ ಒಪ್ಪುವ ಮೊದಲು ಪುರಾವೆ ಕೇಳಬೇಕು.

ಹೀಗೆ ಮಾಡಿ. ಮುಂದಿನ ಸಭೆಗೆ ಇಡೀ ಪುಸ್ತಕ ಬೇಡ, ಉಳಿತಾಯದ ಒಂದು ಪುಟ ಸಾಕು. ಈಗ ಬರೆಯುತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪೆನ್ನು ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದಿಡಿ: ಎಷ್ಟು ತಪ್ಪು ಮಾಡುತ್ತೇನೆ, ಯಾರು ನಗುತ್ತಾರೆ, ಏನಾಗುತ್ತದೆ. ಬಂದ ಮೇಲೆ ಅದರ ಪಕ್ಕದಲ್ಲಿ ನಡೆದದ್ದನ್ನು ಬರೆಯಿರಿ. ಚೀಟಿ ಬರೆಯದೆ ಹೋಗಬೇಡಿ. ಬರೆಯದಿದ್ದರೆ ಮನಸ್ಸು ಆಮೇಲೆ ‘ಇವತ್ತೇನೋ ಅದೃಷ್ಟ’ ಅಂತ ಮಾತು ಬದಲಾಯಿಸುತ್ತದೆ.

ಸದಸ್ಯರು, ಬೆಂಗಳೂರು:
ಮೇಡಂ, ಇಷ್ಟೆಲ್ಲಾ ಯಾಕೆ? ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ‘ನನ್ನಿಂದ ಆಗುತ್ತೆ’ ಅಂತ ಹೇಳಿಕೊಂಡರೆ ಸಾಲದಾ?

ಉತ್ತರ:
ಹೇಳಿಕೊಳ್ಳಿ, ನಷ್ಟವೇನಿಲ್ಲ. ಆದರೆ ಒಳಗೆ ನಂಬದ ಮಾತನ್ನು ಬಾಯಿ ಹೇಳುವಾಗ ಮನಸ್ಸು ಎದುರುವಾದ ಹೂಡುವುದೂ ಉಂಟು. ‘ನನ್ನಿಂದಾಗುತ್ತದೆ’ ಅನ್ನುವ ಭರವಸೆ ಎಲ್ಲಿಂದ ಬರುತ್ತದೆ ಅಂತ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ವಿವರಿಸಿದರು. ಎಲ್ಲಕ್ಕಿಂತ ಗಟ್ಟಿಯಾದದ್ದು ತಾನೇ ಮಾಡಿ ನೋಡಿದ ಅನುಭವ. ಆಮೇಲೆ ನಮ್ಮಂಥವರೇ ಮಾಡಿದ್ದನ್ನು ಕಂಡದ್ದು. ಬಾಯಿಮಾತಿನ ಹುರಿದುಂಬಿಸುವಿಕೆಗೆ ಅಷ್ಟು ಬಲ ಇಲ್ಲ.

ಸದಸ್ಯೆ, ಶಿವಮೊಗ್ಗ:
ನನ್ನ ಮಗ ಆರನೇ ಕ್ಲಾಸು. ‘ಅಮ್ಮಾ, ನಾನು ದಡ್ಡ’ ಅಂತಾನೆ. ‘ಇಲ್ಲ ಕಂದಾ, ನೀನು ಜಾಣ’ ಅಂತ ಎಷ್ಟು ಹೇಳಿದರೂ ಕೇಳಲ್ಲ.

ಉತ್ತರ:
ಜಾಣ-ದಡ್ಡ ಎರಡೂ ಹಣೆಪಟ್ಟಿಯೇ. ‘ಯಾವ ಲೆಕ್ಕ ಬರಲಿಲ್ಲ, ತೋರಿಸು’ ಅನ್ನಿ. ಭಾಗಾಕಾರದಲ್ಲಿ ದಶಕ ಇಳಿಸುವಲ್ಲಿ ತಪ್ಪುತ್ತಿದ್ದಾನಾ? ಹಾಗಿದ್ದರೆ ಅದಷ್ಟೇ ಅವನ ಸಮಸ್ಯೆ. ಇನ್ನೊಂದು, ಮನೆಯಲ್ಲಿ ದೊಡ್ಡವರು ನಗುತ್ತಾ ‘ನಮಗೂ ಗಣಿತ ಅಂದ್ರೆ ಅಷ್ಟಕ್ಕಷ್ಟೇ’ ಅಂತ ಹೇಳುವುದನ್ನು ನಿಲ್ಲಿಸಿ. ಎಷ್ಟು ಹೇಳಿಕೊಟ್ಟರೂ ಅಂಕಿಗಳು ಗೊಂದಲವಾಗುತ್ತಲೇ ಇದ್ದರೆ ಒಮ್ಮೆ ಕಲಿಕಾ ನ್ಯೂನತೆಯ ತಪಾಸಣೆ ಮಾಡಿಸಿ. ಅದು ದಡ್ಡತನ ಅಲ್ಲ, ಕಲಿಸುವ ದಾರಿ ಬದಲಾಯಿಸಬೇಕು ಅಷ್ಟೇ.

ಸದಸ್ಯರು, ಧಾರವಾಡ:
ಮೇಡಂ, ನನಗೆ ಲೆಕ್ಕ ಅಂತಲ್ಲ, ಯಾವುದೂ ನನ್ನ ಕಡೆ ಆಗೂದಿಲ್ಲ ಅನಸ್ತದ. ಮೂರು ತಿಂಗಳಾತು. ನಿದ್ದೀನೂ ಬರೂದಿಲ್ಲ.

ಉತ್ತರ:
ಸರ್, ನಿಮಗೆ ಚೀಟಿ ಬರೆಯುವ ಕೆಲಸ ಹೇಳುವುದಿಲ್ಲ. ಇಷ್ಟು ದಿನ ಎಲ್ಲದರಲ್ಲೂ ಸೋತಂತೆ ಅನಿಸುತ್ತಿದ್ದು ನಿದ್ದೆಯೂ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ನಿಮ್ಮ ಊರಿನಲ್ಲೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ, ಹೋಗಿ ತೋರಿಸಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸಿಗುತ್ತಾರೆ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನಗೂ ಬೇರೆಯಾಗಿ ಮೆಸೇಜ್ ಮಾಡಿ.

ಸದಸ್ಯೆ, ಹಾಸನ ಜಿಲ್ಲೆ (ಮೂರು ವಾರದ ನಂತರ):
ಮೇಡಂ, ಸಭೆಗೆ ಹೋಗಿ ಬಂದೆ. ಚೀಟಿಯಲ್ಲಿ ‘ಹತ್ತು ತಪ್ಪು, ಎಲ್ಲರೂ ನಗ್ತಾರೆ, ಪುಸ್ತಕ ಕಿತ್ಕೋತಾರೆ’ ಅಂತ ಬರೆದಿದ್ದೆ. ಆದದ್ದು ಒಂದೇ ತಪ್ಪು. ಒಬ್ಬರ ಉಳಿತಾಯವನ್ನು ಇನ್ನೊಬ್ಬರ ಹೆಸರಿನ ಮುಂದೆ ಬರೆದಿದ್ದೆ. ಒಬ್ಬಳು ನಕ್ಕಳು, ಸುಳ್ಳು ಹೇಳಲ್ಲ. ಕೈ ಬೆವರಿದ್ದೂ ನಿಜ. ಆದರೆ ಕೂಡಿದ ಮೊತ್ತ ಡಬ್ಬಿಯಲ್ಲಿದ್ದ ದುಡ್ಡಿಗೆ ಸರಿಹೋಯಿತು. ಮುಂದಿನ ತಿಂಗಳು ಸಾಲದ ಪುಟವನ್ನೂ ಬರೆ ಅಂದಿದ್ದಾರೆ. ಅದನ್ನು ಪೆನ್ಸಿಲ್‌ನಲ್ಲಿ ಬರೆಯಲಾ? ತಪ್ಪಾದರೆ ಅಳಿಸಬಹುದಲ್ಲ.

ಉತ್ತರ:
ಸಂಘದ ಲೆಕ್ಕ ಪೆನ್ಸಿಲ್‌ನಲ್ಲಿ ಬೇಡ. ತಪ್ಪಾದರೆ ಅದರ ಮೇಲೆ ಒಂದು ಗೆರೆ ಎಳೆಯಿರಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿ. ಬ್ಯಾಂಕಿನವರೂ ಹಾಗೇ ಮಾಡುತ್ತಾರೆ. ಮತ್ತೆ ಚೀಟಿ ಮರೆಯಬೇಡಿ. ಈ ಸಲ ಎಷ್ಟು ತಪ್ಪು ಅಂತ ಬರೆಯುತ್ತೀರಿ?

ಸದಸ್ಯೆ, ಹಾಸನ ಜಿಲ್ಲೆ:
ನಾಲ್ಕು ಅಂತ ಬರೀತೀನಿ ಮೇಡಂ.